ಮೀನಿನ ಹೇನಿಗೆ ಮಕ್ಕಳೆಷ್ಟು?

ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿದೆ ಎಂದು ಅಕ್ವೇರಿಯಂ ಅಂಗಡಿಯಲ್ಲಿ ಹೇಳಿ ನೋಡಿ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಾಗಲಿ ಚೆನ್ನೈನ ಕೊಳತ್ತೂರಾಗಲಿ, ಕೈಗೆ ಬರುವುದು ನೀಲಿಯದೋ ಹಸಿರಿನದೋ ಒಂದು ಪುಟ್ಟ ಬಾಟಲಿ. ಹನಿ ಹಾಕುತ್ತೇವೆ. ಎರಡು ಮೂರು ದಿನಕ್ಕೆ ಚುಕ್ಕೆ ಮಾಯ, ಔಷಧವೂ ಬಂದ್. ವಾರ ಕಳೆಯುವಷ್ಟರಲ್ಲಿ ಟ್ಯಾಂಕಿನ ಅಷ್ಟೂ ಮೀನಿಗೆ ಚುಕ್ಕೆ.

ಔಷಧ ಕಲಬೆರಕೆ ಎಂದು ಅಂಗಡಿಯವರನ್ನು ಬೈಯುವ ಮೊದಲು ರೋಗದ ಹೆಸರನ್ನು ಬಿಡಿಸಿ ನೋಡಬೇಕು. ಈ ಪರೋಪಜೀವಿಯನ್ನು ಜರ್ಮನಿಯ ಹಿಲ್ಗೆಂಡಾರ್ಫ್ ಮತ್ತು ಪೌಲಿಕಿ 1869ರಲ್ಲೇ ವರ್ಣಿಸಿದ್ದರು. ಇಂದಿನ ಹೆಸರು ಕೊಟ್ಟವನು ಫ್ರಾನ್ಸಿನ ಫೂಕೆ, 1876ರಲ್ಲಿ: ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್. ಗ್ರೀಕಿನಿಂದ ಬಂದ ಮೊದಲ ಪದಕ್ಕೆ 'ಮೀನಿನ ಹೇನು' ಎಂದರ್ಥ. ಲ್ಯಾಟಿನ್ನಿನ ಎರಡನೆಯದು 'ಹಲವು ಮಕ್ಕಳದು' ಎನ್ನುತ್ತದೆ. ಹೇನು ಎಂಬುದು ಹೋಲಿಕೆ ಅಷ್ಟೆ, ಇದು ಒಂದೇ ಕೋಶದ ಜೀವಿ. ಕಣ್ಣಿಗೆ ಕಾಣುವ ನಿಜವಾದ ಮೀನುಹೇನು ಆರ್ಗ್ಯುಲಸ್, ಅದೇ ಬೇರೆ.

ಮುಖ್ಯವಾದದ್ದು ಆ ಮಕ್ಕಳು. ಚುಕ್ಕೆಯಾಗಿ ಕಾಣುವ ತಾಯಿ ಮೀನಿನ ಚರ್ಮದೊಳಗೆ ಹುದುಗಿರುತ್ತದೆ. ನೀರಿಗೆ ಹಾಕಿದ ಔಷಧ ಅದನ್ನು ಬಹುಮಟ್ಟಿಗೆ ಮುಟ್ಟಲಾರದು. ಬಲಿತ ಮೇಲೆ ತಾನೇ ಉದುರಿ, ತಳದ ಕಲ್ಲಿಗೋ ಗಿಡಕ್ಕೋ ಅಂಟಿ, ಸುತ್ತ ಪೊರೆ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ನಾವು 'ವಾಸಿಯಾಯಿತು' ಎಂದುಕೊಂಡದ್ದು ಈ ಉದುರುವಿಕೆಯನ್ನು! ಈಜುತ್ತಾ ಹೊರಟ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಔಷಧ ಕೆಲಸ ಮಾಡುವುದು ಮುಖ್ಯವಾಗಿ ಆ ಅಲ್ಪ ಅವಧಿಯಲ್ಲಿ. ಅಕ್ವೇರಿಯಂ ಮಂದಿ ಇಷ್ಟುದ್ದದ ಹೆಸರನ್ನು 'ಇಕ್' ಎಂದು ಮೊಟಕು ಮಾಡಿದರು. ಉಳಿದದ್ದು ಮೀನು ಮಾತ್ರ; ಹೇನೂ ಹೋಯಿತು, ಮಕ್ಕಳೂ ಹೋದವು.

ಬಾಟಲಿಯ ಕಥೆಯೂ ಅದೇ ಕಾಲದ್ದು. ಮೆಥಿಲೀನ್ ಬ್ಲೂ ಅನ್ನು ಹೈನ್ರಿಷ್ ಕಾರೋ ತಯಾರಿಸಿದ್ದು ಅದೇ 1876ರಲ್ಲಿ, ಬಟ್ಟೆಗೆ ಬಣ್ಣ ಹಾಕಲು. ಅದು ಸೂಕ್ಷ್ಮಜೀವಿಗಳಿಗೂ ಹಿಡಿಯುತ್ತದೆ ಎಂದು ಕಂಡ ಪೌಲ್ ಎರ್ಲಿಷ್, 1891ರಲ್ಲಿ ಗುಟ್‌ಮನ್ ಜೊತೆ ಸೇರಿ ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ಟ. ಮೀನಿಗೆ ಅದು ಬಂದದ್ದು ಆಮೇಲೆ. ಇಕ್ ಮೇಲೆ ಹೆಚ್ಚು ಪರಿಣಾಮಕಾರಿಯಾದ ಮ್ಯಾಲಕೈಟ್ ಗ್ರೀನ್ ಕೂಡ ಬಟ್ಟೆಯ ಬಣ್ಣವೇ. ಹೆಸರು ಖನಿಜದ್ದಾದರೂ ಅದರಲ್ಲಿ ಆ ಖನಿಜವೂ ಇಲ್ಲ, ತಾಮ್ರವೂ ಇಲ್ಲ. ತಿನ್ನುವ ಮೀನಿಗೆ ಅದನ್ನು ಬಳಸಲು ಅಮೆರಿಕದಲ್ಲಾಗಲಿ ಯುರೋಪಿನಲ್ಲಾಗಲಿ ಅನುಮತಿಯಿಲ್ಲ; ಮನೆಯಲ್ಲಿ ಬಳಸುವವರೂ ಕೈಗವಸು ಹಾಕುವುದು ಒಳ್ಳೆಯದು.

ಹಾಗಾದರೆ ಎಷ್ಟು ದಿನ ಹಾಕಬೇಕು? ಅದನ್ನು ನೀರಿನ ಬಿಸಿ ಹೇಳುತ್ತದೆ. ಚೆನ್ನೈನ ಬೆಚ್ಚಗಿನ ಟ್ಯಾಂಕಿನಲ್ಲಿ ತಾಯಿಯಿಂದ ಮರಿಯವರೆಗಿನ ಸುತ್ತು ವಾರದೊಳಗೆ ಮುಗಿಯುತ್ತದೆ. ಹೀಟರ್ ಇಲ್ಲದ ದೆಹಲಿಯ ಡಿಸೆಂಬರಿನಲ್ಲಿ ಅದೇ ಸುತ್ತು ವಾರಗಟ್ಟಲೆ ಎಳೆಯುತ್ತದೆ, ಅಲ್ಲಿಯವರು ಬಾಟಲಿಯನ್ನು ಅಷ್ಟು ಬೇಗ ಮುಚ್ಚುವಂತಿಲ್ಲ.