ದಾಂಡೇಲಿ ಮಿಲ್ಲಿನಿಂದ ಬೆಂಗಳೂರಿನ ಐಟಿ ಕಂಪನಿವರೆಗೆ



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮ ಕೇರಿಯ ಹುಡುಗರು, ಹುಡುಗಿಯರು ಈಗ ಎಂಜಿನಿಯರಿಂಗ್ ಓದ್ತಿದ್ದಾರೆ. "ಅಣ್ಣಾ, ಐಟಿ ಕಂಪನಿ ಕೆಲಸ ನಮಗ ಚಲೋನೋ, ಅಲ್ಲೋ?" ಅಂತ ಕೇಳ್ತಾರೆ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

ಹೊಸ ಯಂತ್ರ ಬಂದರೆ ಜಾತಿ ಹೋಗ್ತದೆ ಅನ್ನೋ ಮಾತು ಹಳೇದು. ಮುಂಬೈ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗಕ್ಕೆ ಕೂಲಿ ಹೆಚ್ಚು. ಆದರೆ ಅಲ್ಲಿ ಅಸ್ಪೃಶ್ಯರಿಗೆ ಕೆಲಸವಿರಲಿಲ್ಲ. ಲಾಳಿಯ ನೂಲಿಗೆ ಬಾಯಿ ಹಚ್ಚಬೇಕಿತ್ತು, ನಮ್ಮ ಎಂಜಲು ಸವರ್ಣ ಕಾರ್ಮಿಕರಿಗೆ ಮೈಲಿಗೆ. 1928ರ ಮುಷ್ಕರದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆಯೇ ಇಟ್ಟರು. ಯಂತ್ರ ವಿಲಾಯತಿಯದು, ಮೈಲಿಗೆ ಮಾತ್ರ ನಮ್ಮೂರಿನದೇ.

ನಮ್ಮ ಭಾಗಕ್ಕೆ ಬರೋಣ. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾಯಿತು. ನೀರು ಕಾಳಿ ನದಿಯದು, ಬಿದಿರು ಸರ್ಕಾರಿ ಕಾಡಿನದು. ರಾಜ್ಯದ ಕಾಗದದ ಕಾರ್ಖಾನೆಗಳಿಗೆ ಬಿದಿರು ಅತಿ ಕಡಿಮೆ ದರಕ್ಕೆ ಹೋಯಿತು, ಬುಟ್ಟಿ ಹೆಣೆಯುವವರ ಕೈಗೆ ಬಿದಿರು ಸಿಗದಂತಾಯಿತು. ಇದನ್ನು ಮಾಧವ ಗಾಡ್ಗೀಳರು ಅಧ್ಯಯನ ಮಾಡಿ ಬರೆದರು. ಸಂಪತ್ತು ಎಲ್ಲರದು, ಆದರೆ ಖಾಸಗಿ ನೌಕರಿಯಲ್ಲಿ ಮೀಸಲಾತಿ ಇಲ್ಲ.

ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಬಂದವು. ಇವೂ ತಂತ್ರಜ್ಞಾನದ ಕಂಪನಿಗಳೇ, ಆದರೆ ಸರ್ಕಾರದವು. ಮುಂದೆ ಇಲ್ಲಿ ಮೀಸಲಾತಿ ಜಾರಿಯಾಯಿತು. ಟೆಲಿಫೋನು, ಗಡಿಯಾರ, ರಾಡಾರ್ ಮಾಡಲು ನಮ್ಮವರ ಕೈಗೂ ಬರ್ತದೆ ಅಂತ ತೋರಿಸಿದ್ದು ಆ ಕಾನೂನು.

1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. ಆಮೇಲೆ ಬೆಳೆದ ಐಟಿ ಉದ್ಯಮಕ್ಕೆ ಸರ್ಕಾರ ಜಮೀನು, ತೆರಿಗೆ ರಿಯಾಯಿತಿ ಎಲ್ಲ ಕೊಟ್ಟಿತು. ಮೀಸಲಾತಿ ಮಾತ್ರ ಕೇಳಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆ ಸರ್ಟಿಫಿಕೇಟು ಕಾಲೇಜಿನ ತನಕ ನಡೀತದೆ, ಕಂಪನಿ ಗೇಟಿಗೆ ನಿಲ್ತದೆ.

ಹಾಗಾದ್ರೆ ಲಾಭ ಇಲ್ವಾ? ಇದೆ. ಪಗಾರ ನೇರ ಬ್ಯಾಂಕಿಗೆ ಬರ್ತದೆ, ಗೌಡರ ಮನೆ ಮುಂದೆ ನಿಲ್ಲಬೇಕಿಲ್ಲ. ಒಬ್ಬರ ಪಗಾರದಿಂದ ತಂಗಿಯ ಓದು, ಅಪ್ಪನ ಸಾಲ ಎರಡೂ ತೀರ್ತದೆ. ಕಂಪ್ಯೂಟರು ಜಾತಿ ಕೇಳಲ್ಲ.

ಪಕ್ಕದ ಕುರ್ಚಿಯವ ಕೇಳ್ತಾನೆ. ಅಡ್ಡಹೆಸರು, ಊಟದ ಡಬ್ಬಿ, ಬಾಡಿಗೆ ಮನೆ ಇವೆಲ್ಲ ಅವನ ಪ್ರಶ್ನೆಗಳೇ. ಅಮೆರಿಕಕ್ಕೆ ಹೋದರೂ ಬಿಡಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ದಲಿತ ಎಂಜಿನಿಯರ್ ಒಬ್ಬರ ದೂರಿನ ಮೇಲೆ ಸಿಸ್ಕೋ ವಿರುದ್ಧ ಮೊಕದ್ದಮೆ ಹೂಡಿತು. ಕಂಪನಿ ಆರೋಪ ಅಲ್ಲಗಳೆಯಿತು. ಇಬ್ಬರು ಮ್ಯಾನೇಜರುಗಳ ಮೇಲಿನ ಪ್ರಕರಣವನ್ನು 2023ರಲ್ಲಿ ಸರ್ಕಾರವೇ ಕೈಬಿಟ್ಟಿತು. ಆದರೆ ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು.

ಇನ್ನೊಂದು ನಷ್ಟ, ದುಡಿಮೆಯ ತಾಸು. ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1946ರ ತಿದ್ದುಪಡಿಯಿಂದ ಕಾರ್ಖಾನೆ ವಾರ 54 ತಾಸಿನಿಂದ 48ಕ್ಕೆ ಇಳಿಯಿತು. 2024ರಲ್ಲಿ ಕರ್ನಾಟಕದಲ್ಲಿ ಐಟಿಯವರನ್ನು ದಿನಕ್ಕೆ 14 ತಾಸು ದುಡಿಸುವ ಪ್ರಸ್ತಾಪ ಬಂತು. ಎದ್ದು ನಿಂತದ್ದು ನೌಕರರ ಸಂಘ ಕೆಐಟಿಯು.

ಅದಕ್ಕೇ ನನ್ನ ಮಾತು ಇಷ್ಟು: ಹೋಗ್ರಿ, ಅಂಜಬ್ಯಾಡ್ರಿ. ಆದರೆ ಕಂಪನಿ ಕೊಡೋದು ಪಗಾರ, ಹಕ್ಕು ಕೊಡೋದು ಕಾನೂನು ಮತ್ತು ಸಂಘಟನೆ. ಸಂಘ ಸೇರ್ರಿ, ಆಗಿದ್ದನ್ನೆಲ್ಲ ಬರೆದಿಡ್ರಿ. ನಾವು ಊರಲ್ಲಿರೋರು ಸರ್ಕಾರವನ್ನು ಕೇಳೋಣ: ಜನರ ನೆಲ, ನೀರು ಪಡೆದ ಕಂಪನಿಯಲ್ಲಿ ಜನರ ಪಾಲು ಎಲ್ಲಿ?