ವಯಸ್ಸಾದ ನಾಯಿಯ ಸ್ಥೂಲಕಾಯ

ಜರ್ಮನಿಯಲ್ಲಿ 2022ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕೃತ ಶ್ವಾನಪಾಲನಾ ನಿಯಮವು ನಾಯಿಗೆ ಹೊರಾಂಗಣದಲ್ಲಿ ಸಾಕಷ್ಟು ಓಡಾಟವನ್ನು ಕಡ್ಡಾಯಗೊಳಿಸಿದೆ. ತಟ್ಟೆಗೆ ಎಷ್ಟು ಬಡಿಸಬೇಕೆಂಬುದು ಮಾತ್ರ ನಮ್ಮ ವಿವೇಕಕ್ಕೆ ಬಿಟ್ಟದ್ದು. ನಾನು ಮನುಷ್ಯರ ವೈದ್ಯ. ನಮ್ಮ ಹತ್ತು ವರ್ಷದ ಲ್ಯಾಬ್ರಡಾರ್ 36 ಕಿಲೋ ಮುಟ್ಟಿ ಮೆಟ್ಟಿಲ ಬುಡದಲ್ಲೇ ಕೂರತೊಡಗಿದಾಗ ಅದನ್ನು ಮುಪ್ಪೆಂದೇ ಬಗೆದಿದ್ದೆ.

ಪಶುವೈದ್ಯೆಯು ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಕೊರತೆ ಇಲ್ಲವೆಂದು ಖಚಿತಪಡಿಸಿಕೊಂಡು, 30 ಕಿಲೋದ ಗುರಿ ಇಟ್ಟರು. ಅಷ್ಟು ತೂಕದ ನಾಯಿಗೆ ವಿಶ್ರಾಂತ ಸ್ಥಿತಿಯಲ್ಲಿ ದಿನಕ್ಕೆ ಬೇಕಾಗುವುದು ಸುಮಾರು 900 ಕಿಲೋಕ್ಯಾಲರಿ. ತೂಕ ಇಳಿಸುವಾಗ ಒಟ್ಟು ಆಹಾರವೂ ಇದರ ಆಸುಪಾಸಿನಲ್ಲಿರಬೇಕು. ತುಪ್ಪ ಸವರಿದ ಚಪಾತಿಯೊಂದರಲ್ಲೇ ಸುಮಾರು 150. ಅಮ್ಮ ದಿನವೂ ಎರಡು ಹಾಕುತ್ತಿದ್ದರು, ಅಂದರೆ ದಿನದ ಮೂರನೇ ಒಂದು ಪಾಲು! ಅವರನ್ನು ಒಪ್ಪಿಸುವುದೇ ಚಿಕಿತ್ಸೆಯ ಕಠಿಣ ಭಾಗವಾಗಿತ್ತು. ಈಗ ಉಪ್ಪು ಹಾಕದೆ ಬೇಯಿಸಿದ ಹುರುಳಿಕಾಯಿ ಕೊಡುತ್ತಾರೆ. (ಪಲ್ಯವನ್ನಲ್ಲ, ಈರುಳ್ಳಿ ನಾಯಿಗೆ ವಿಷ.)

ಒಣ ಆಹಾರವನ್ನು ಲೋಟದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಬೇಕು. ವಾರಕ್ಕೆ ಮೈತೂಕದ ಶೇ. 1ರಿಂದ 2ರಷ್ಟು ಇಳಿದರೆ ಸಾಕು. ಕೀಲು ಸವೆದ ನಾಯಿಗೆ ಚೆಂಡೆಸೆದು ಓಡಿಸುವುದು ಸಲ್ಲದು. ಗಿಡ್ಡ ನಡಿಗೆಗಳೇ ಲೇಸು.

ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗಾರನಿಗಿಂತ ಕಾಲುಭಾಗ ಕಡಿಮೆ ಉಂಡವು ಸುಮಾರು 1.8 ವರ್ಷ ಹೆಚ್ಚು ಬಾಳಿದವು. ಅಮ್ಮನ ಮನಸ್ಸು ತಿರುಗಿಸಿದ್ದು ಈ ಅಂಕಿಯೇ. ಐದು ತಿಂಗಳಲ್ಲಿ ನಾಯಿ 31 ಕಿಲೋಗೆ ಇಳಿದು, ಮೆಟ್ಟಿಲನ್ನು ತಾನೇ ಹತ್ತುತ್ತಿದೆ.