ಬೀಳುವ ಕುದುರೆಯ ಚರಿತ್ರೆ

ಯುದ್ಧದ ದೃಶ್ಯ ಯಾವ ಭಾಷೆಯ ಚಿತ್ರದಲ್ಲೇ ಇರಲಿ, ಅಲ್ಲೊಂದು ಕುದುರೆ ಬೀಳಲೇಬೇಕು. ಸವಾರನ ಎದೆಗೆ ಬಾಣ ನಾಟುತ್ತದೆ, ಕುದುರೆ ಮುಗ್ಗರಿಸುತ್ತದೆ, ಇಬ್ಬರೂ ಧೂಳಿನಲ್ಲಿ ಉರುಳುತ್ತಾರೆ. ನೂರು ವರ್ಷಗಳಿಂದ ಪ್ರೇಕ್ಷಕರು ನೋಡುತ್ತ ಬಂದಿರುವುದು ಹೆಚ್ಚುಕಡಿಮೆ ಇದೇ ದೃಶ್ಯವನ್ನು. ಆದರೆ ಆ ಕುದುರೆಯನ್ನು ಬೀಳಿಸುವ ಬಗೆ ಈ ನೂರು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಶೂಟಿಂಗ್ ಸೆಟ್ಟಿನಲ್ಲಿ ಕುದುರೆಗಳ ಜೊತೆ ನಡೆಯುವ ಕೆಲಸ ಹೇಗೆ ಬೆಳೆಯಿತು ಎಂದು ತಿಳಿಯಬೇಕಾದರೆ ಈ ಬೀಳುವಿಕೆಯೊಂದನ್ನೇ ಹಿಡಿದು ಹೊರಟರೂ ಸಾಕು.

ಸಿನಿಮಾ ಹುಟ್ಟುವ ಮೊದಲೇ ಕುದುರೆ ಕ್ಯಾಮೆರಾದ ಮುಂದೆ ಬಂದಿತ್ತು. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಓಟದ ಹಾದಿಗೆ ಅಡ್ಡಲಾಗಿ ಎಳೆಗಳನ್ನು ಕಟ್ಟಿ, ಓಡುವ ಕುದುರೆಯಿಂದಲೇ ತನ್ನ ಚಿತ್ರಗಳನ್ನು ತೆಗೆಸಿದ. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಗೊರಸುಗಳು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಆಗಿನ ಪ್ರಶ್ನೆ. ಬಿಡುತ್ತವೆ; ಅದೂ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗ ಬಿಡುವುದಿಲ್ಲ, ಹೊಟ್ಟೆಯ ಕೆಳಗೆ ಕಾಲುಗಳು ಕೂಡಿಕೊಂಡಾಗ ಬಿಡುತ್ತವೆ ಎಂದು ಆ ಚಿತ್ರಗಳು ತೋರಿಸಿದವು. ಅಲ್ಲಿಂದ ಮುಂದೆ ಅಮೆರಿಕದ ಕೌಬಾಯ್ ಚಿತ್ರಗಳ ಕಾಲ. 1903ರ ‘ದಿ ಗ್ರೇಟ್ ಟ್ರೈನ್ ರಾಬರಿ’ಯ ನಂತರ ಕುದುರೆಗಳಿಗೂ ಸವಾರರಿಗೂ ಬೇಡಿಕೆ ಏರಿತು. ದನ ಕಾಯುವ ರ‍್ಯಾಂಚುಗಳಲ್ಲಿ ಕೆಲಸ ಕಡಿಮೆಯಾಗುತ್ತಿದ್ದ ದಿನಗಳವು. ಅಲ್ಲಿನ ಸವಾರರು ದಿನಗೂಲಿಗೆ ಸ್ಟುಡಿಯೋಗಳ ಬಾಗಿಲಿಗೆ ಬಂದರು. ಕುದುರೆ ಗೊತ್ತಿದ್ದವರು ಅವರು, ಹುಕುಂ ಮಾತ್ರ ಬೇರೆಯವರದು.

ಆ ಹುಕುಮಿನಿಂದ ಬೇರೂರಿದ ತಂತ್ರದ ಹೆಸರು ‘ರನ್ನಿಂಗ್ ಡಬ್ಲ್ಯೂ’. ಕುದುರೆಯ ಎರಡೂ ಮುಂಗಾಲಿಗೆ, ಗೊರಸಿಗಿಂತ ಸ್ವಲ್ಪ ಮೇಲೆ, ಪಟ್ಟಿ ಕಟ್ಟುತ್ತಿದ್ದರು. ಪಟ್ಟಿಗೆ ಸೇರಿಸಿದ ತಂತಿ ಜೀನಿನ ಹೊಟ್ಟೆಪಟ್ಟಿಯಲ್ಲಿದ್ದ ಬಳೆಯ ಮೂಲಕ ಹಾದು, ಹಿಂದಕ್ಕೆ ಹೋಗಿ, ನೆಲದಲ್ಲಿ ಹೂತ ಗೂಟಕ್ಕೆ ಸೇರುತ್ತಿತ್ತು. ತಂತಿಯ ಉದ್ದವನ್ನು ಅಳೆದೇ ಬಿಟ್ಟಿರುತ್ತಿದ್ದರು. ಎಲ್ಲಿ ಬೀಳಬೇಕೆಂಬುದು ನಿರ್ದೇಶಕನಿಗೆ ಗೊತ್ತಿತ್ತು, ಕ್ಯಾಮೆರಾದವನಿಗೆ ಗೊತ್ತಿತ್ತು, ಸವಾರನಿಗೂ ಗೊತ್ತಿತ್ತು. ಕುದುರೆಗೆ ಗೊತ್ತಿರಲಿಲ್ಲ. ಓಡುತ್ತಿದ್ದ ಹಾಗೆ ತಂತಿ ಮುಗಿದು ಮುಂಗಾಲುಗಳು ಒಮ್ಮೆಗೇ ಹಿಂದಕ್ಕೆ ಎಳೆದುಕೊಂಡರೆ, ಅರ್ಧ ಟನ್ ತೂಕದ ಆ ಮೈ ತಲೆಯಡಿಯಾಗಿ ಅಪ್ಪಳಿಸುತ್ತಿತ್ತು. ಕೆಲವು ಕುದುರೆಗಳು ಎದ್ದು ಮೈ ಕೊಡವಿಕೊಂಡವು. ಕೆಲವುಗಳ ಕತ್ತು ಮುರಿಯಿತು, ಕೆಲವುಗಳ ಕಾಲು. ಕಾಲು ಮುರಿದ ಕುದುರೆ ಮನುಷ್ಯರ ಹಾಗೆ ತಿಂಗಳುಗಟ್ಟಲೆ ಮಲಗಿ ವಾಸಿಯಾಗಲಾರದು. ಅದರ ಭಾರಕ್ಕೆ ಉಳಿದ ಕಾಲುಗಳೂ ಕರುಳೂ ಕೆಡುತ್ತವೆ. ಹಾಗಾಗಿ ಅಲ್ಲೇ ಗುಂಡು ಹಾರಿಸಿ ಮುಗಿಸುವುದು ವಾಡಿಕೆಯಾಗಿತ್ತು. ಬದುಕಿದ್ದಕ್ಕೂ ಮತ್ತೆ ನಂಬಿಕೆ ಹುಟ್ಟುತ್ತಿರಲಿಲ್ಲ.

1925ರ ‘ಬೆನ್ ಹರ್’ ಚಿತ್ರದ ರಥದ ಓಟಕ್ಕಾಗಿ ಹಲವು ಕುದುರೆಗಳು ಪ್ರಾಣ ತೆತ್ತವು. 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಇದಕ್ಕಿಂತ ಕುಖ್ಯಾತ. ಮೈಕೆಲ್ ಕರ್ಟೀಸ್ ನಿರ್ದೇಶನದ ಆ ಚಿತ್ರದ ಅಶ್ವದಳದ ದಾಳಿಗೆ ತಂತಿಗಳನ್ನು ಧಾರಾಳವಾಗಿ ಬಳಸಿದರು. ಸತ್ತ ಕುದುರೆಗಳ ಸಂಖ್ಯೆ 25 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾಯಕ ಎರಲ್ ಫ್ಲಿನ್ ಸ್ವತಃ ಸಿಡಿದೆದ್ದ. ಮರುವರ್ಷವೇ, 1937ರಲ್ಲಿ, ಬ್ರಿಟನ್ ಸಂಸತ್ತು ಕಾಯ್ದೆಯೊಂದನ್ನು ತಂದಿತು: ಪ್ರಾಣಿಗೆ ಹಿಂಸೆ ಕೊಟ್ಟು ತೆಗೆದ ದೃಶ್ಯವನ್ನು ಆ ದೇಶದಲ್ಲಿ ಪ್ರದರ್ಶಿಸುವಂತಿಲ್ಲ. ಚಿತ್ರ ಎಲ್ಲಿ ತೆಗೆದದ್ದಾದರೂ ಸರಿ, ಹಿಂಸೆಯ ತುಣುಕಿಗೆ ಅಲ್ಲಿ ಇಂದಿಗೂ ಕತ್ತರಿ ಬೀಳುತ್ತದೆ. ಮಾರುಕಟ್ಟೆಯ ಬಾಗಿಲಲ್ಲಿ ತಡೆಯುವ ಈ ಕಾಯ್ದೆ, ಸೆಟ್ಟಿನಲ್ಲಿ ನಿಂತು ಬುದ್ಧಿ ಹೇಳುವುದಕ್ಕಿಂತ ಎಷ್ಟೋ ಪರಿಣಾಮಕಾರಿ ಎಂದೇ ನನ್ನ ಎಣಿಕೆ.

ಅಮೆರಿಕ ಎಚ್ಚೆತ್ತದ್ದು 1939ರ ‘ಜೆಸ್ಸಿ ಜೇಮ್ಸ್’ ಚಿತ್ರದಿಂದ. ಮಿಸ್ಸೂರಿಯ ಸರೋವರವೊಂದರ ಮೇಲಿನ ಬಂಡೆಯಂಚಿನಲ್ಲಿ ಜಾರುಹಲಗೆ ಇಟ್ಟು, ಸುಮಾರು 70 ಅಡಿ ಎತ್ತರದಿಂದ ಕುದುರೆಯನ್ನು ನೀರಿಗೆ ಕೆಡವಿದರು. ಅದು ಸತ್ತಿತು. ಸುದ್ದಿ ಹರಡಿ ಜನ ರೊಚ್ಚಿಗೆದ್ದ ಮೇಲೆ, 1940ರಲ್ಲಿ ‘ಅಮೆರಿಕನ್ ಹ್ಯೂಮೇನ್’ ಎಂಬ ಪ್ರಾಣಿದಯಾ ಸಂಸ್ಥೆಯ ಪ್ರತಿನಿಧಿಗಳಿಗೆ ಸೆಟ್ಟುಗಳಲ್ಲಿ ನಿಂತು ನೋಡುವ ಅಧಿಕಾರ ಸಿಕ್ಕಿತು. ತಂತಿಯೂ ಜಾರುಹಲಗೆಯೂ ಹೊರಬಿದ್ದವು. ಬೀಳುವ ದೃಶ್ಯವಂತೂ ಬೇಕೇ ಬೇಕಿತ್ತು. ಹಾಗಾದರೆ ಇನ್ನು ಬೀಳಿಸುವುದು ಹೇಗೆ?

ಕುದುರೆಗೆ ಬೀಳುವುದನ್ನೇ ಕಲಿಸಿದರು. ಮೊದಲಿಗೆ ನಿಂತಲ್ಲೇ ಮಲಗುವ ಪಾಠ. ಸವಾರ ಲಗಾಮನ್ನು ಒಂದು ಬದಿಗೆ ಎಳೆದು ಕುದುರೆಯ ಮೂತಿಯನ್ನು ಅದರ ಭುಜದ ಕಡೆಗೆ ತರುತ್ತಾನೆ. ತೂಕ ತಪ್ಪಿದ ಕುದುರೆ ಮೆಲ್ಲಗೆ ಮಗ್ಗುಲಿಗೆ ಒರಗುತ್ತದೆ. ಒರಗಿದ ಕೂಡಲೇ ಬೆನ್ನು ತಟ್ಟಿ, ಬಾಯಿಗೆ ಏನಾದರೂ ತಿನ್ನಲು ಕೊಟ್ಟು, ಸ್ವಲ್ಪ ಹೊತ್ತು ಹಾಗೇ ಬಿಡುತ್ತಾರೆ. ನೆಲಕ್ಕೆ ಒರಗಿದ ಕುದುರೆ ಓಡಿ ತಪ್ಪಿಸಿಕೊಳ್ಳಲಾರದು, ಬೇಟೆಗೆ ಬಲಿಯಾಗುವ ಪ್ರಾಣಿಗೆ ಅದು ಎಲ್ಲಕ್ಕಿಂತ ದೊಡ್ಡ ಭಯ. ಆ ಭಯ ಹೋಗುವವರೆಗೆ ಮುಂದಿನ ಪಾಠವಿಲ್ಲ. ಆಮೇಲೆ ನಡಿಗೆಯಲ್ಲಿ, ಜಗ್ಗಾಲೋಟದಲ್ಲಿ, ಕೊನೆಗೆ ನಾಗಾಲೋಟದಲ್ಲಿ. ಬೀಳುವ ಜಾಗವನ್ನು ಮೊದಲೇ ಅಗೆದು, ಕಲ್ಲು ಆರಿಸಿ, ಮರಳು ತುಂಬಿ ಮೆತ್ತಗೆ ಮಾಡಿ, ಮೇಲೆ ಸುತ್ತಲ ನೆಲದ ಬಣ್ಣದ ಮಣ್ಣು ಹರಡಿರುತ್ತಾರೆ. ಸವಾರನ ರಿಕಾಪು ಮೆತ್ತನೆಯ ವಸ್ತುವಿನದು, ಕುದುರೆಯ ಪಕ್ಕೆಗೆ ಚುಚ್ಚಬಾರದು. ಬೀಳುವ ಮುನ್ನವೇ ಅವನ ಪಾದ ಅದರಿಂದ ಹೊರಗೆ ಬಂದಿರಬೇಕು. ಇಷ್ಟೆಲ್ಲ ಕಲಿಯಲು ತಿಂಗಳುಗಳೇ ಹಿಡಿಯುತ್ತವೆ, ಕಲಿತವು ಕೆಲವೇ ಕುದುರೆಗಳು. ಹಾಗೆ ಕಲಿತ ಕುದುರೆಗೆ ಹಾಲಿವುಡ್ಡಿನಲ್ಲಿ ಬೆಲೆ ಬಂತು, ಹೆಸರು ಬಂತು, ಪ್ರಶಸ್ತಿಯೂ ಬಂತು.

ಈ ಘಟ್ಟದ ದೊಡ್ಡ ಹೆಸರುಗಳು ಎರಡು. ಯಾಕಿಮಾ ಕನಟ್ ತಂತಿಯ ಕಾಲದಿಂದ ಬಂದ ಸಾಹಸಿಗ. 1939ರ ‘ಸ್ಟೇಜ್‌ಕೋಚ್’ನಲ್ಲಿ ಓಡುವ ಕುದುರೆಗಳ ನಡುವೆ ಇಳಿದು, ಗಾಡಿಯ ಕೆಳಗಿನಿಂದ ಹಾದುಹೋದವನು. ಗ್ಲೆನ್ ರ‍್ಯಾಂಡಲ್ ತರಬೇತುದಾರ; ರಾಯ್ ರೋಜರ್ಸ್‌ನ ಹೊಂಬಣ್ಣದ ಕುದುರೆ ಟ್ರಿಗರ್ ಪಳಗಿದ್ದು ಅವನ ಕೈಯಲ್ಲಿ. 1959ರ ‘ಬೆನ್ ಹರ್’ಗೆ ಇಬ್ಬರೂ ಸೇರಿದರು. ಯುಗೊಸ್ಲಾವಿಯಾ ಮತ್ತು ಸಿಸಿಲಿಯಿಂದ 78 ಕುದುರೆಗಳನ್ನು ತರಿಸಿ, ರ‍್ಯಾಂಡಲ್ ತಿಂಗಳುಗಟ್ಟಲೆ ಪಳಗಿಸಿದ. ಕನಟ್ ರಥದ ಓಟವನ್ನು ತಿರುವು ತಿರುವಾಗಿ ಅಭ್ಯಾಸ ಮಾಡಿಸಿದ. 1925ರ ಓಟವನ್ನೂ 1959ರ ಓಟವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ, ತಯಾರಿಗೆ ಕೊಟ್ಟ ಸಮಯವೇ ಪರದೆಯ ಮೇಲೆ ರೋಮಾಂಚನವಾಗಿ ಬಂದಿರುವುದು ಕಾಣುತ್ತದೆ.

ಸೋವಿಯತ್ ರಷ್ಯಾದ ದಾರಿಯೇ ಬೇರೆ. ಸೆರ್ಗೆಯ್ ಬೊಂದರ್ಚುಕ್‌ನ ‘ಯುದ್ಧ ಮತ್ತು ಶಾಂತಿ’ಗಾಗಿ ಅಲ್ಲಿ 1960ರ ದಶಕದಲ್ಲಿ ಅಶ್ವದಳದ ರೆಜಿಮೆಂಟೊಂದನ್ನೇ ಕಟ್ಟಿದರು. ಯುದ್ಧಭೂಮಿಯಿಂದ ಕುದುರೆ ಮರೆಯಾದ ಮೇಲೂ ಸೈನಿಕರು ಸಿನಿಮಾಕ್ಕಾಗಿ ಸವಾರಿ ಕಲಿತರು.

ಹಾಲಿವುಡ್ಡಿನ ಕಾವಲು ಶಾಶ್ವತವಾಗಿರಲಿಲ್ಲ. 1966ರಲ್ಲಿ ಚಿತ್ರೋದ್ಯಮದ ಹಳೆಯ ನಿಯಂತ್ರಣ ಕಚೇರಿ ಮುಚ್ಚಿದಾಗ, ಅದರ ಮೂಲಕ ‘ಅಮೆರಿಕನ್ ಹ್ಯೂಮೇನ್’ಗೆ ಸಿಕ್ಕಿದ್ದ ಅಧಿಕಾರವೂ ಹೋಯಿತು. 1980ರ ‘ಹೆವನ್ಸ್ ಗೇಟ್’ನಲ್ಲಿ ಸ್ಫೋಟಕ್ಕೆ ಕುದುರೆಯೊಂದು ಬಲಿಯಾಗಿ ಪ್ರತಿಭಟನೆಗಳು ನಡೆದ ಮೇಲೆಯೇ ಕಲಾವಿದರ ಸಂಘದ ಒಪ್ಪಂದದಲ್ಲಿ ಕಾವಲಿನ ಷರತ್ತು ಮತ್ತೆ ಸೇರಿದ್ದು. ಪ್ರತಿ ಸುಧಾರಣೆಯ ಹಿಂದೆಯೂ ಒಂದು ಸತ್ತ ಕುದುರೆಯಿದೆ ಎಂಬುದು ಈ ಚರಿತ್ರೆಯ ಕಹಿಸತ್ಯ. ಕಾವಲಿದ್ದೂ ಸಾವು ನಿಂತಿಲ್ಲ. ಕುದುರೆ ರೇಸಿನ ಕಥೆಯ ‘ಲಕ್’ ಧಾರಾವಾಹಿ ಮೂರು ಕುದುರೆಗಳು ಸತ್ತ ಮೇಲೆ 2012ರಲ್ಲಿ ನಿಂತೇಹೋಯಿತು. ಚಿತ್ರೋದ್ಯಮದ ಹಣದಲ್ಲಿ ನಡೆಯುವ ಸಂಸ್ಥೆ ಚಿತ್ರೋದ್ಯಮವನ್ನೇ ಕಾಯುವುದು ಹೇಗೆ ಎಂಬ ಪ್ರಶ್ನೆ ಮರುವರ್ಷ ಪತ್ರಿಕೆಗಳಲ್ಲಿ ಗಟ್ಟಿಯಾಗಿಯೇ ಎದ್ದಿತು.

ಇದರ ನಡುವೆ ಕೆಲಸದ ಕುಶಲತೆ ಮಾತ್ರ ಎತ್ತರಕ್ಕೆ ಹೋಗಿದೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಲೈಟ್ ಸ್ಟ್ಯಾಂಡೋ ಹೊಗೆಯ ಯಂತ್ರವೋ ಆ ಕುರುಡು ಜಾಗದಲ್ಲಿ ಸದ್ದು ಮಾಡಿತೋ, ಒದೆ ಖಂಡಿತ. ಆದ್ದರಿಂದ ಕ್ರೇನು, ಬಾವುಟ, ಪಟಾಕಿ ಎಲ್ಲವನ್ನೂ ಮೊದಲು ದೂರದಿಂದ ತೋರಿಸಿ ಅಭ್ಯಾಸ ಮಾಡಿಸುತ್ತಾರೆ. ಗುಂಡಿನ ಸದ್ದಿರುವಾಗ ಕಿವಿಗೆ ಹತ್ತಿ. ಅನುಭವಿ ಕುದುರೆಗಳು ‘ಆ್ಯಕ್ಷನ್’ ಎಂಬ ಕೂಗನ್ನು ಕಲಿತುಬಿಟ್ಟು ಸವಾರ ಹೇಳುವ ಮೊದಲೇ ಚಿಮ್ಮುತ್ತವೆ. ಬಲ್ಲ ನಿರ್ದೇಶಕರು ಅಂಥ ಕಡೆ ಕೈಸನ್ನೆ ಬಳಸುತ್ತಾರೆ. ಒಂದೇ ಪಾತ್ರಕ್ಕೆ ಹಲವು ಕುದುರೆಗಳು: ಒಂದು ಸಮೀಪದ ಚಿತ್ರಕ್ಕೆ, ಒಂದು ಓಟಕ್ಕೆ, ಒಂದು ಬೀಳಲು. 2011ರ ‘ವಾರ್ ಹಾರ್ಸ್’ನಲ್ಲಿ ಜೋಯಿ ಎಂಬ ಒಂದೇ ಕುದುರೆಯ ಪಾತ್ರವನ್ನು ಬೇರೆ ಬೇರೆ ವಯಸ್ಸಿನ 14 ಕುದುರೆಗಳು ಮಾಡಿದವು. ಹಣೆಯ ಬಿಳಿ ಪಟ್ಟೆ, ಕಾಲಿನ ಬಿಳುಪು ಒಂದೇ ಥರ ಕಾಣುವಂತೆ ಬಣ್ಣ ಹಚ್ಚಿದರು. ಮುಳ್ಳುತಂತಿಯಲ್ಲಿ ಸಿಕ್ಕಿಕೊಳ್ಳುವ ದೃಶ್ಯಕ್ಕೆ ಯಂತ್ರದ ಕುದುರೆಯ ನೆರವೂ ಇತ್ತು.

ನಮ್ಮ ದೇಶಕ್ಕೆ ಬಂದರೆ, ಕುದುರೆಗೆ ಹೆಸರೂ ತಾರಾಪಟ್ಟವೂ ಬಂದದ್ದು ಮುಂಬಯಿಯ ವಾಡಿಯಾ ಮೂವಿಟೋನ್‌ನಲ್ಲಿ. 1935ರ ‘ಹಂಟರ್‌ವಾಲಿ’ಯ ಫಿಯರ್‌ಲೆಸ್ ನಾಡಿಯಾಳ ಕುದುರೆ ‘ಪಂಜಾಬ್ ಕಾ ಬೇಟಾ’ ಮಕ್ಕಳ ಬಾಯಲ್ಲಿತ್ತು. ದಕ್ಷಿಣದಲ್ಲಿ ಮದ್ರಾಸಿನ ಸ್ಟುಡಿಯೋಗಳು. ಉಡುಪಿ ಕಡೆಯ ಬಿ. ವಿಠಲಾಚಾರ್ಯರ ಜಾನಪದ ಚಿತ್ರಗಳು, ‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಇವೆಲ್ಲ ಕುದುರೆಯಿಲ್ಲದೆ ನಡೆಯದ ಚಿತ್ರಗಳು. ಆ ಪರಂಪರೆ 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದವರೆಗೂ ಬಂದಿದೆ. ರಾಜ್‌ಕುಮಾರ್ ಕುದುರೆಯ ಮೇಲೆ ಕುಳಿತ ಠೀವಿ ನಮ್ಮ ನೆನಪಿನಲ್ಲಿ ಉಳಿದಿದೆ; ಆ ಕುದುರೆಗಳನ್ನು ತಂದವರು, ಪಳಗಿಸಿದವರು ಯಾರೆಂದು ಎಲ್ಲೂ ಬರೆದಿಟ್ಟಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಸೆಟ್ಟುಗಳಿಗೆ ಬರುವ ಕುದುರೆಗಳಲ್ಲಿ ರೇಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳೂ ಇವೆ. ಹದಿನೇಳು-ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ತಳಿಯನ್ನು ಕದಂಬರ ದಂಡಿನಲ್ಲಿ ನಿಲ್ಲಿಸುವುದು ಚರಿತ್ರೆಯ ದೃಷ್ಟಿಯಿಂದ ತಪ್ಪು. ತುದಿಗಳು ಒಳಕ್ಕೆ ಬಾಗಿದ ಕಿವಿ ಕಂಡರೆ ಅದು ಮಾರ್ವಾಡಿ ಅಥವಾ ಕಾಠಿಯಾವಾಡಿ ಎಂದು ಪ್ರೇಕ್ಷಕರೂ ಗುರುತಿಸಬಹುದು. ತಳಿಗಿಂತ ಮುಖ್ಯವಾದದ್ದು ಸ್ವಭಾವ. ರೇಸಿನ ಕುದುರೆ ಕಲಿತಿರುವುದು ಸಾಲಿನಲ್ಲಿ ಚಿಮ್ಮಿ ಪೂರ್ತಿ ವೇಗದಲ್ಲಿ ಓಡುವುದನ್ನು. ಸಿನಿಮಾ ಕೇಳುವುದು ಗುರುತು ಹಾಕಿದ ಜಾಗದಲ್ಲಿ ನಿಲ್ಲುವುದನ್ನು, ಗದ್ದಲದಲ್ಲಿ ಸುಮ್ಮನಿರುವುದನ್ನು. ಮರುತರಬೇತಿ ಇಲ್ಲದೆ ಅದನ್ನು ಸೆಟ್ಟಿಗೆ ತಂದರೆ ಕುದುರೆಗೂ ಅಪಾಯ, ನಟರಿಗೂ ಅಪಾಯ.

ಮತ್ತೆ ಚರಿತ್ರೆಗೆ ಬಂದರೆ, 1973ರ ಅಕ್ಟೋಬರಿನಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಚಿತ್ರೀಕರಣ ಶುರುವಾಯಿತು. ಸಾಹಸ ದೃಶ್ಯಗಳಿಗೆ ಜಿಮ್ ಆ್ಯಲೆನ್, ಜೆರ‍್ರಿ ಕ್ರಾಂಪ್ಟನ್ ಮೊದಲಾದವರನ್ನು ಬ್ರಿಟನ್ನಿನಿಂದ ಕರೆಸಿದರು. ಡಕಾಯಿತರ ಕುದುರೆಗಳ ದಾಳಿಗೆ ಅಲ್ಲಿಯವರೆಗೆ ಇಲ್ಲಿ ಕಾಣದಿದ್ದ ಅಚ್ಚುಕಟ್ಟು ಬಂತು. ಬಸಂತಿಯ ಟಾಂಗಾ ಓಟದಲ್ಲಿ ಹೇಮಾಮಾಲಿನಿಯ ಡ್ಯೂಪ್ ಆಗಿ ಕಡಿವಾಣ ಹಿಡಿದವರು ರೇಷ್ಮಾ ಪಠಾಣ್. ಟಾಂಗಾ ಮಗುಚಿ ಅವರು ಗಾಯಗೊಂಡರು. ಚಿತ್ರ ಗೆದ್ದ ಬಳಿಕ ಧನ್ನೋ ಎಂಬ ಕುದುರೆಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು, ರೇಷ್ಮಾರ ಹೆಸರು ಗೊತ್ತಾಗಲು ದಶಕಗಳು ಬೇಕಾದವು.

ಕಾನೂನಿಗೆ ನಮ್ಮಲ್ಲಿ ಕೊರತೆಯಿಲ್ಲ. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು, 1962ರಲ್ಲಿ ಅವರದೇ ಅಧ್ಯಕ್ಷತೆಯಲ್ಲಿ ಪ್ರಾಣಿ ಕಲ್ಯಾಣ ಮಂಡಳಿ. 2001ರ ನಿಯಮಗಳು ಸಿನಿಮಾದ ಕುದುರೆಯ ಬಗ್ಗೆ ವಿವರವಾಗಿಯೇ ಹೇಳುತ್ತವೆ: ಎಡವಿ ಬೀಳಿಸುವ ಸಾಧನ, ತಂತಿ, ಗುಂಡಿ ಕೂಡದು, ಲಾಳವಿಲ್ಲದೆ ಗಟ್ಟಿ ನೆಲದ ಮೇಲೆ ನಡೆಸಕೂಡದು, ಇಳಿಜಾರಿನಲ್ಲಿ ಜಾರಿಸುವುದಾದರೆ ಕಾಲಿಗೆ ರಕ್ಷಣೆ ಬೇಕು. 2005ರಲ್ಲಿ ಬಾಂಬೆ ಹೈಕೋರ್ಟ್ ಆದೇಶದ ನಂತರ ಮಂಡಳಿಯ ಒಪ್ಪಿಗೆ ಪತ್ರವಿಲ್ಲದೆ ಸೆನ್ಸಾರ್ ಪ್ರಮಾಣಪತ್ರ ಸಿಗುವುದಿಲ್ಲ. ಹೀಗಿದ್ದೂ 2021ರಲ್ಲಿ ಹೈದರಾಬಾದಿನ ಬಳಿ ‘ಪೊನ್ನಿಯಿನ್ ಸೆಲ್ವನ್’ ಚಿತ್ರೀಕರಣದ ವೇಳೆ ಕುದುರೆಯೊಂದು ಸತ್ತು, ಪೊಲೀಸರು ಪ್ರಕರಣ ದಾಖಲಿಸಿದರು. ಒಪ್ಪಿಗೆ ಪತ್ರ ಕಚೇರಿಯ ಮಟ್ಟದ್ದು. ಬಿಸಿಲಿನಲ್ಲಿ ಎಷ್ಟನೆಯ ಟೇಕ್ ನಡೆಯುತ್ತಿದೆ, ಕುದುರೆಗೆ ನೀರು ಕುಡಿಸಿ ಎಷ್ಟು ಹೊತ್ತಾಯಿತು, ಅದರ ಮೂಗಿನ ಹೊಳ್ಳೆ ಹೇಗೆ ಅರಳುತ್ತಿದೆ ಎಂದು ನೋಡುವ ಕಣ್ಣು ಸೆಟ್ಟಿನಲ್ಲೇ ಇರಬೇಕು.

ಈಚೆಗೆ ಗ್ರಾಫಿಕ್ಸ್ ಬಂದಿದೆ. ನಟರನ್ನು ಯಂತ್ರದ ಕುದುರೆಯ ಮೇಲೆ ಕೂರಿಸಿ ಸಮೀಪದ ದೃಶ್ಯ ತೆಗೆಯುವುದು ಈಗ ಸಾಮಾನ್ಯ. 2019ರ ‘ಮಣಿಕರ್ಣಿಕಾ’ದ ಅಂಥ ತುಣುಕು ಹೊರಬಿದ್ದಾಗ ಜನ ನಕ್ಕರು. ನಗಬೇಕಾದದ್ದು ಅದರಲ್ಲಿ ಏನೂ ಇಲ್ಲ. ಯುದ್ಧದ ನಟ್ಟನಡುವೆ ಬೀಳುವ, ಈಟಿ ತಾಗುವ ಕುದುರೆಯನ್ನು ಕಂಪ್ಯೂಟರಿನಲ್ಲಿ ಮಾಡುವುದೇ ಮೇಲು. ಆದರೆ ನಡೆಯುವ, ಉಸಿರಾಡುವ, ಒಡೆಯನ ಹೆಗಲಿಗೆ ಮೂತಿ ಒರಸುವ ಕುದುರೆಗೆ ಇನ್ನೂ ಬದಲಿ ಸಿಕ್ಕಿಲ್ಲ. ಅದಕ್ಕೆ ಪಳಗಿದ ಕುದುರೆಯೂ ಪಳಗಿಸಿದವರೂ ಬೇಕು.

ಕನ್ನಡದಲ್ಲಿ ಐತಿಹಾಸಿಕ ಚಿತ್ರ ಮಾಡಹೊರಟಿರುವ ನಿರ್ಮಾಪಕರಲ್ಲಿ ನನ್ನ ಕೋರಿಕೆ ಎರಡೇ. ಕುದುರೆ ನೋಡಿಕೊಳ್ಳುವವರು ಮತ್ತು ಪಶುವೈದ್ಯರು ‘ಸಾಕು’ ಎಂದರೆ ಆ ದಿನದ ಶೂಟಿಂಗ್ ನಿಲ್ಲಬೇಕು ಎಂಬ ಮಾತನ್ನು ಕರಾರಿನಲ್ಲಿಯೇ ಬರೆಯಿರಿ. ಚಿತ್ರದ ಆರಂಭದಲ್ಲಿ ಪ್ರಾಣಿಗಳಿಗೆ ಹಿಂಸೆ ಕೊಟ್ಟಿಲ್ಲ ಎಂದು ಹೇಳುವಾಗ, ಅದನ್ನು ನಿಜ ಮಾಡಿದವರ ಹೆಸರುಗಳನ್ನೂ ಅದೇ ಪರದೆಯ ಮೇಲೆ ಹಾಕಿ.